ನಾನು ‘ಇಲ್ಲ’ ಎಂದು ಬರೆಸಿದ ಕಾರ್ಡು

ಇದನ್ನು ಬರೆಯುವಾಗ ನನ್ನ ಮುಂದೆ ಎರಡು ದಾಖಲೆಗಳಿವೆ. ಒಂದು, ಆ ವರ್ಷದ ನನ್ನ ದಿನಚರಿ. ಇನ್ನೊಂದು, ಅಂಚು ಸವೆದ ಚಿಕಿತ್ಸೆಯ ಕಾರ್ಡು. ಎರಡೂ ಒಂದೇ ಕಾಯಿಲೆಯ ಬಗ್ಗೆ, ಒಬ್ಬನೇ ಮನುಷ್ಯನ ಬಗ್ಗೆ. ಆದರೂ ಒಂದು ವಿಷಯದಲ್ಲಿ ಅವು ಒಂದನ್ನೊಂದು ಒಪ್ಪುವುದಿಲ್ಲ.

ನೆನಪನ್ನು ನಂಬಬಾರದು ಎಂದೇ ನಾನು ದಿನಚರಿ ಬರೆಯುತ್ತಿದ್ದವನು. ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ. ಆಮೇಲೆ ನೆನೆದು ಬರೆದದ್ದಕ್ಕಿಂತ ಅದೇ ದಿನ ಬರೆದದ್ದಕ್ಕೆ ಬೆಲೆ ಹೆಚ್ಚು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಅದೇ ದಿನ, ಶಾಯಿ ಒಣಗುವ ಮುಂಚೆಯೇ, ಮನುಷ್ಯ ಸುಳ್ಳು ಬರೆಯಬಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಆಗ ನಾನು ಹಿರಿಯೂರಿನ ಕಾಲೇಜೊಂದರಲ್ಲಿ ಉಪನ್ಯಾಸಕ. ಮೂವತ್ತೆಂಟು ವಯಸ್ಸು. ಹೆಂಡತಿ ಸುಗುಣ ಬಾಗೂರಿನವಳು. ಮಗಳು ಪ್ರೀತಿಗೆ ಇನ್ನೂ ಐದು ತುಂಬಿರಲಿಲ್ಲ. ಊರಿನ ನಮ್ಮ ಚಿಕ್ಕ ಕ್ರೈಸ್ತ ಸಭೆಯಲ್ಲಿ ನಾನು ಹಿರಿಯರಲ್ಲಿ ಒಬ್ಬ. ಭಾನುವಾರ ಬೈಬಲಿನ ಪಾಠ ಓದುವವನು, ಮುಂದಿನ ಸಾಲಿನಲ್ಲಿ ನಿಂತು ಎತ್ತರದ ದನಿಯಲ್ಲಿ ಹಾಡುವವನು. ಆ ಕ್ರಿಸ್‌ಮಸ್‌ನಲ್ಲಿ ಮನೆಮನೆಗೆ ಹಾಡಲು ಹೋದಾಗ ಎರಡನೇ ಚರಣ ಮುಗಿಸಲಾಗದೆ ಕೆಮ್ಮಿ ಕೂತೆ. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಬೆಲ್ಟು ಎರಡು ತೂತು ಒಳಗೆ ಸರಿದಿತ್ತು. ಒಂದು ದಿನ ಕರವಸ್ತ್ರದಲ್ಲಿ ಕೆಂಪು ಕಂಡಿತು. ವೀಳ್ಯದೆಲೆಯ ರಸ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಎಲೆ ಅಡಿಕೆ ಹಾಕುವವನಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯಾಯಿತು. ಕ್ಷಯ. ವೈದ್ಯೆ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಅವಸರವಿಲ್ಲ. ‘ವಾಸಿಯಾಗೋ ಕಾಯಿಲೆ ಸರ್. ಆದರೆ ಸಣ್ಣಸಣ್ಣ ವಿಷಯಗಳನ್ನ ತಪ್ಪಿಸಬಾರದು’ ಎಂದರು. ಸೋಮವಾರ, ಬುಧವಾರ, ಶುಕ್ರವಾರ ಏಳು ಮಾತ್ರೆ, ಒಬ್ಬರ ಕಣ್ಣೆದುರು ನುಂಗಬೇಕು. ಏನಾದರೂ ತಿಂದು ನುಂಗಬೇಕು, ವಾಂತಿಯಾದರೆ ಹೇಳಬೇಕು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು. ಎರಡು ತಿಂಗಳು ಬೇರೆ ಮಲಗಬೇಕು.

ಇಷ್ಟು ದಿನಚರಿಯಲ್ಲಿದೆ. ಅದರ ಕೆಳಗೆ ಇನ್ನೊಂದು ಸಾಲು: ‘ಮಗುವಿನ ಬಗ್ಗೆ ಡಾಕ್ಟರು ಏನೂ ಕೇಳಲಿಲ್ಲ.’ ಬಹಳ ವರ್ಷ ನನ್ನ ನೆನಪೂ ಅದನ್ನೇ ಹೇಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಈ ಕಾರ್ಡು ಕೈಸೇರದಿದ್ದರೆ ಇಲ್ಲಿಯೂ ಹಾಗೇ ಬರೆದುಬಿಡುತ್ತಿದ್ದೆ. ಕಾರ್ಡಿನಲ್ಲಿ ‘ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳು’ ಎಂಬ ಸಾಲಿನ ಮುಂದೆ ಸ್ಪಷ್ಟವಾಗಿ ‘ಇಲ್ಲ’ ಎಂದಿದೆ. ಅಂದರೆ ಅವರು ಕೇಳಿದ್ದಾರೆ. ನಾನು ಇಲ್ಲ ಎಂದಿದ್ದೇನೆ.

ಯಾಕೆ ಎಂದು ಊಹಿಸಬಲ್ಲೆ. ಇದ್ದಾಳೆ ಎಂದರೆ ಅವಳಿಗೂ ಮಾತ್ರೆ. ಮಾತ್ರೆ ಎಂದರೆ ಅವಳ ನರ್ಸರಿಯವರಿಗೆ ಗೊತ್ತಾಗುವುದು. ಅವರಿಗೆ ಗೊತ್ತಾದರೆ ಊರಿಗೇ ಗೊತ್ತು. ಆ ಕ್ಷಣದಲ್ಲಿ ಇಷ್ಟೆಲ್ಲ ಯೋಚಿಸಿದೆನೋ, ಈಗ ಕೂಡಿಸಿಕೊಳ್ಳುತ್ತಿದ್ದೇನೋ, ಹೇಳಲಾರೆ. ಹೊರಗೆ ಸಾಲಿನಲ್ಲಿ ಕೂತಿದ್ದ ಸುಗುಣ ‘ಪಾಪುಗೆ ಏನಾದ್ರೂ ಅಂದ್ರಾ?’ ಎಂದೇ ಮೊದಲು ಕೇಳಿದಳು. ‘ಏನೂ ತೊಂದರೆ ಇಲ್ವಂತೆ’ ಎಂದೆ. ಬಾಗೂರಿಗೆ ತಾಯಿಯ ಮನೆಗೆ ಮಗುವನ್ನು ಕರೆದುಕೊಂಡು ಹೋಗಲೇ ಎಂದಳು. ಜನ ಯಾಕೆ ಎಂದು ಕೇಳುತ್ತಾರೆ, ಬೇಡ ಎಂದೆ.

ನನ್ನ ಮಾತ್ರೆಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂದವು. ಪೆಟ್ಟಿಗೆಯ ಮೇಲೆ ನನ್ನ ಪೂರ್ತಿ ಹೆಸರು. ಅದನ್ನು ಇಟ್ಟುಕೊಂಡು ನನಗೆ ಮಾತ್ರೆ ನುಂಗಿಸಬೇಕಾದವರು ನಮ್ಮ ಬೀದಿಯ ಅಂಗನವಾಡಿ ಸಹಾಯಕಿ ಎಂದು ವೈದ್ಯೆ ಹೆಸರು ಹೇಳಿದಾಗ ನನಗೆ ಕೆಮ್ಮು ಬಂತು. ರತ್ನಮ್ಮ.

ರತ್ನಮ್ಮ ನಮ್ಮ ಸಭೆಯವಳೇ. ನನಗಿಂತ ಹದಿನೈದು ವರ್ಷ ದೊಡ್ಡವಳು. ದೇವಾಲಯದ, ಅಂದರೆ ನಮ್ಮ ಚರ್ಚಿನ, ಕಸ ಗುಡಿಸಿ ಗಂಟೆ ಹೊಡೆಯುವ ಕೆಲಸವೂ ಆಕೆಯದೇ. ಹನ್ನೊಂದು ವರ್ಷ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಹಿಂದಿನ ವರ್ಷ ಒಂದು ಸೋಮವಾರ ದೇವಾಲಯದ ಬಾಗಿಲು ತೆರೆದೇ ಇತ್ತು. ಏನೂ ಹೋಗಿರಲಿಲ್ಲ. ಆದರೂ ಹಿರಿಯರ ಕೂಟದಲ್ಲಿ ಬೀಗದ ಕೈ ಆಕೆಯಿಂದ ವಾಪಸು ಪಡೆಯಬೇಕೆಂದು ಸೂಚಿಸಿದವನು ನಾನು. ಅದರ ಹಿಂದಿನ ದಿನ, ಭಾನುವಾರ, ಎಲ್ಲರಿಗಿಂತ ಕೊನೆಗೆ ಹೊರಬಿದ್ದವನು ನಾನೇ ಇರಬಹುದು ಎಂಬ ಅನುಮಾನ ಆಮೇಲೆ ಬಂತು. ದಿನಚರಿಯಲ್ಲಿ ಆ ದಿನದ ಪುಟ ಖಾಲಿ.

ಬೆಳಗ್ಗೆ ಎಂಟೂವರೆಗೆ, ಮಕ್ಕಳು ಬರುವ ಮುಂಚೆ, ಹಿಂದಿನ ಓಣಿಯಿಂದ ಅಂಗನವಾಡಿಗೆ ಹೋಗುತ್ತಿದ್ದೆ. ಗೋಡೆಯ ಮೇಲೆ ಮಾವಿನಹಣ್ಣು, ಆನೆ, ಛತ್ರಿ. ಒಲೆಯ ಮೇಲೆ ಮಕ್ಕಳ ಉಪ್ಪಿಟ್ಟು.

‘ಕುಂತ್ಕಳ್ರಿ ಮೇಷ್ಟ್ರೇ. ಏನಾರ ತಿಂದ್ರಾ?’

‘ತಿಂದೆ.’

‘ನುಂಗ್ರಿ. ಒಂದೊಂದೇ.’

ಏಳೂ ನುಂಗಿದ ಮೇಲೆ, ‘ಬಾಯಿ ತೆಗೀರಿ.’

‘ನುಂಗಿದ್ದೀನಲ್ಲ ರತ್ನಮ್ಮ, ಕಾಣಲಿಲ್ಲವಾ ನಿನಗೆ?’

‘ಕಂಡೆ. ಬಾಯಿ ತೆಗೀರಿ. ನಾಲ್ಗಿ ಎತ್ರಿ.’

ಎಂ.ಎ. ಓದಿದ ನಾನು ಸಣ್ಣ ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಿಸಿ ಕೂತು ಬಾಯಿ ತೆರೆದು ನಾಲಿಗೆ ಎತ್ತುತ್ತಿದ್ದೆ. ಆಕೆ ಬಗ್ಗಿ ನೋಡಿ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದಳು. ಆ ಕಾರ್ಡಿನಲ್ಲಿ ಇನ್ನೇನು ಬರೆಯುತ್ತಾಳೆ ಎಂಬುದು ನನ್ನ ತಲೆ ತಿನ್ನತೊಡಗಿತು. ನೋಡಲು ಕೈ ಚಾಚಿದರೆ ಸೆರಗಿನ ಕೆಳಗೆ ಸೇರಿಸುತ್ತಿದ್ದಳು. ‘ಇದು ಆಸ್ಪತ್ರೆದು.’

ಆ ತಿಂಗಳುಗಳಲ್ಲಿ ಮಾತ್ರೆಗಿಂತ ಹೆಚ್ಚು ನುಂಗಿದ್ದು ಅನುಮಾನವನ್ನು. ಕಾಲೇಜಿನ ಕೋಣೆಯಲ್ಲಿ ನನ್ನ ಚಹಾ ಲೋಟದ ತಳದಲ್ಲಿ ಕೆಂಪು ಬಣ್ಣದ ಚುಕ್ಕೆ ಕಂಡೆ. ನನ್ನ ಲೋಟಕ್ಕೆ ಗುರುತು ಮಾಡಿದ್ದಾರೆ ಎಂದು ಎರಡು ವಾರ ಚಹಾ ಬಿಟ್ಟೆ. ಬೇರೆ ಲೋಟಗಳನ್ನು ತಿರುಗಿಸಿ ನೋಡಬಹುದಿತ್ತು, ನೋಡಲಿಲ್ಲ. ಟೈಲರ್ ಅಂಗಡಿಯವನು ಹೊಲಿಗೆ ನಿಲ್ಲಿಸಿ ತಲೆ ಎತ್ತಿದರೆ ನನಗಾಗಿಯೇ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ‘ಆರೋಗ್ಯ ಹೇಗಿದೆ’ ಎಂದರೆ ರತ್ನಮ್ಮ ಹೇಳಿದ್ದಾಳೆ ಎಂದೇ ಲೆಕ್ಕ.

ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನಗಳು ಬಂದವು. ಸಭೆಯಲ್ಲಿ ಎದ್ದು ನಿಂತೆ. ‘ಆತ್ಮಿಕ ಕಾರಣಗಳಿಂದ’ ಹಿರಿಯನ ಸ್ಥಾನ ಬಿಡುತ್ತೇನೆ, ನಲವತ್ತು ದಿನವೂ ಹಗಲು ಉಪವಾಸ ಇರುತ್ತೇನೆ ಎಂದೆ. ಕಾಯಿಲೆಯ ಮಾತು ಎತ್ತಲಿಲ್ಲ. ಕರ್ತನ ಭೋಜನದ ದಿನ, ಯೇಸುವಿನ ಕೊನೆಯ ಊಟವನ್ನು ನೆನೆದು ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವಾಗ, ನಾನು ಹಿಂದೆ ಸರಿದು ತಲೆ ತಗ್ಗಿಸಿ ಕೂತೆ. ನನ್ನಿಂದ ಯಾರಿಗೂ ಅಂಟದಿರಲಿ ಎಂದು ಹಾಗೆ ಮಾಡಿದೆ ಎಂದು ದಿನಚರಿ ಹೇಳುತ್ತದೆ. ನೋಡಿದವರು ದೀನತೆ ಎಂದುಕೊಂಡರು. ಮುಂದಿನ ಭಾನುವಾರ ಅಯ್ಯನವರು ಪ್ರಸಂಗದಲ್ಲೇ, ಆರಾಧನೆಯ ಉಪದೇಶದಲ್ಲೇ, ಹೇಳಿದರು: ‘ನಮ್ಮ ನಡುವೆಯೇ ಒಬ್ಬರು ಕುರ್ಚಿ ಬಿಟ್ಟು ಕೆಳಗೆ ಕೂತಿದ್ದಾರೆ. ದೇವರ ಮುಂದೆ ದೊಡ್ಡವರಾಗುವುದು ಹೀಗೆ.’ ಆರಾಧನೆ ಮುಗಿದ ಮೇಲೆ ಜನ ಬಂದು ಕೈ ಕುಲುಕಿದರು. ರತ್ನಮ್ಮ ಬಾಗಿಲ ಬಳಿ ಚಾಪೆ ಸುತ್ತುತ್ತಿದ್ದಳು. ಕೈ ಕುಲುಕಲು ಬರಲಿಲ್ಲ. ಹೊಟ್ಟೆಕಿಚ್ಚು ಎಂದು ಬರೆದುಕೊಂಡಿದ್ದೇನೆ.

ಉಪವಾಸದಿಂದ ಆದದ್ದಿಷ್ಟು. ಖಾಲಿ ಹೊಟ್ಟೆಯಲ್ಲಿ ಏಳು ಮಾತ್ರೆ ನುಂಗಿ, ‘ತಿಂದೆ’ ಎಂದು ಸುಳ್ಳು ಹೇಳಿ, ಓಣಿಯ ತಿರುವಿನಲ್ಲಿ ಚರಂಡಿಗೆ ಬಗ್ಗಿ ವಾಂತಿ ಮಾಡಿದೆ. ಕೆಂಪಗೆ ಬಂತು. ರಕ್ತವಲ್ಲ, ಮಾತ್ರೆಯ ಬಣ್ಣ. ಹೀಗೆ ಮೂರು ಸಲವೋ ನಾಲ್ಕು ಸಲವೋ. ಯಾರಿಗೂ ಹೇಳಲಿಲ್ಲ. ಪ್ರೀತಿ ಬೆಳಗಿನ ಜಾವ ಎದ್ದು ಬಂದು ನನ್ನ ಹಾಸಿಗೆಗೆ ನುಸುಳುತ್ತಿದ್ದಳು. ವಾಪಸು ಕಳಿಸಬೇಕಿತ್ತು, ಬೆಚ್ಚಗಿರುತ್ತಿದ್ದಳು, ಕಳಿಸುತ್ತಿರಲಿಲ್ಲ.

ಆಮೇಲೆ ಅವಳಿಗೆ ಕೆಮ್ಮು ಶುರುವಾಯಿತು.

ಪ್ರಸಂಗದ ಮರುದಿನ, ಸೋಮವಾರ, ಬಾಯಿ ನೋಡಿ ಗುರುತು ಹಾಕಿದ ಮೇಲೆ ರತ್ನಮ್ಮ ಎದ್ದು ಹೋಗಲಿಲ್ಲ.

‘ಕೂಸಿಗೆ ಮಾತ್ರೆ ಶುರು ಮಾಡಿದ್ರಾ ಮೇಷ್ಟ್ರೇ?’

‘ಅವಳಿಗ್ಯಾಕೆ? ಅವಳಿಗೆ ಆರಾಯಿತು.’

‘ಆರಾ?’ ಆಕೆ ನನ್ನನ್ನೇ ನೋಡಿದಳು. ‘ನಿಮ್ ಕೂಸಿಗೂ ನಮ್ ಮೊಮ್ಮಗಳಿಗೂ ಒಂದೇ ದಿನ ದೀಕ್ಷಾಸ್ನಾನ ಆಗಿದ್ದು. ನೀರು ಬಿದ್ದ ಕೂಡ್ಲೆ ಎರಡೂ ಒಂದೇ ಸಮ ಅತ್ವು, ಅಯ್ನೋರಿಗೆ ಹೆಸರೇ ಅದಲುಬದಲಾತು. ನಮ್ದು ಇನ್ನೂ ಇಲ್ಲೇ ಉಪ್ಪಿಟ್ಟು ತಿಂತಾ ಐತೆ. ನಿಮ್ದು ಅದ್ಯಾವಾಗ ಆರು ದಾಟ್ತು?’

‘ನಿನ್ನ ಕೆಲಸ ಎಷ್ಟೋ ಅಷ್ಟು ನೋಡಿಕೋ.’

‘ಅದನ್ನೇ ನೋಡ್ತಾ ಇರೋದು’ ಎಂದು ಪೆಟ್ಟಿಗೆ ಎತ್ತಿಟ್ಟಳು.

ಬುಧವಾರ ಕಾಲೇಜಿನಿಂದ ಮನೆಗೆ ಬಂದಾಗ ಸುಗುಣ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಆರೋಗ್ಯ ಕಾರ್ಯಕರ್ತೆಯೊಬ್ಬರು ಬಂದು, ಆರು ವರ್ಷದೊಳಗಿನ ಮಗುವಿಗೆ ಪರೀಕ್ಷೆ ಆಗಲೇಬೇಕು ಎಂದು ಹೇಳಿಹೋಗಿದ್ದರು.

‘ರೀ, ಪಾಪುಗೆ ಎಷ್ಟು ವರ್ಷ?’

‘ಯಾಕೆ?’

‘ಹೇಳ್ರಿ. ಹೆತ್ತೋಳು ನಾನು, ನಂಗೆ ಮರ್ತೋಗೈತೆ.’

ಡಾಕ್ಟರು ಕೇಳಲೇ ಇಲ್ಲ, ನನಗೆ ಹೇಗೆ ಗೊತ್ತಾಗಬೇಕು ಎಂದೆ. ದನಿ ಎತ್ತರಿಸಿದೆ. ಕೊನೆಗೆ, ನಾಚಿಕೆಯಿಂದ ಬರೆಯುತ್ತೇನೆ, ದಿನಚರಿ ತಂದು ಆ ಪುಟ ತೆಗೆದು ಅವಳ ಮುಂದೆ ಹಿಡಿದೆ. ಓದು, ಅವತ್ತೇ ಬರೆದದ್ದು ಎಂದೆ. ಅವಳು ಓದಿದಳು. ಮಗುವಿನ ಸ್ವೆಟರ್ ಹುಡುಕಲು ಒಳಗೆ ಹೋದಳು.

ಮರುದಿನ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆಸಬೇಕಿತ್ತು. ಬಸ್ಸಿನಲ್ಲಿ ಸುಗುಣ ಮಗುವನ್ನು ಕಿಟಕಿ ಪಕ್ಕ ಕೂರಿಸಿ, ನನಗೂ ಅವಳಿಗೂ ನಡುವೆ ತಾನು ಕೂತಳು. ಆಸ್ಪತ್ರೆಯ ಬೆಂಚಿನಲ್ಲೂ ಹಾಗೆಯೇ. ನಾನು ಬಾಯಿಗೆ ಕರವಸ್ತ್ರ ಹಿಡಿದಿದ್ದೆ. ಮನೆಯವರ ಎದುರು ಮೊದಲ ಸಲ.

‘ಅಪ್ಪ, ಒಳಗಡೆ ಲೈಟ್ ಬಿಟ್ಟು ನೋಡ್ತಾರಾ?’

‘ಹ್ಞೂಂ.’

‘ಕೆಟ್ಟದ್ದು ಕಂಡ್ರೆ?’

ಪಕ್ಕದಲ್ಲಿ ಹೊಳಲ್ಕೆರೆ ಕಡೆಯ ಅಜ್ಜಿಯೊಬ್ಬಳು ಕಿತ್ತಳೆ ಸುಲಿಯುತ್ತಿದ್ದಳು. ‘ಕೆಟ್ಟದ್ದು ಕಂಡ್ರೆ ಓಡ್ಸಕೇ ಅಲ್ವೇನವ್ವ ಡಾಕ್ಟ್ರು ಇರಾದು’ ಎಂದು ಮಗುವಿಗೆ ಒಂದು ತೊಳೆ ಕೊಟ್ಟಳು. ನನಗೂ ಚಾಚಿದಳು. ನನಗೆ ಕಾಯಿಲೆ ಇದೆ ಎಂದೆ. ಹೊರಗಿನವರೊಬ್ಬರಿಗೆ ನಾನಾಗಿ ಹೇಳಿದ್ದು ಅದೇ ಮೊದಲು. ಆಕೆ ನಕ್ಕಳು. ‘ಇನ್ನೇನು ಮದುವೆಗೆ ಬಂದೀಯಾ? ನಾವೆಲ್ಲಾ ಅದೇ ಗಿರಾಕಿಗಳೇ, ತಗಳಪ್ಪ.’ ಆ ತೊಳೆ ಹುಳಿಯಿತ್ತೋ ಸಿಹಿಯಿತ್ತೋ ನೆನಪಿಲ್ಲ. ತಿಂದದ್ದು ನೆನಪಿದೆ.

ಮಗುವಿನ ಮುಂಗೈಗೆ ಒಂದು ಸೂಜಿಮದ್ದು ಚುಚ್ಚಿ, ಎರಡು ದಿನ ಬಿಟ್ಟು ಹಿರಿಯೂರಿನ ಆಸ್ಪತ್ರೆಯಲ್ಲೇ ತೋರಿಸಿ ಎಂದರು. ಚುಚ್ಚಿದ ಜಾಗ ಗಟ್ಟಿಯಾಗಿ ಊದುತ್ತದೋ ಇಲ್ಲವೋ ನೋಡಬೇಕು. ಆ ಎರಡು ದಿನ ಪ್ರತಿ ಅರ್ಧ ಗಂಟೆಗೆ ಅವಳ ತೋಳು ನೋಡಿದೆ. ದೇವರ ಜೊತೆ ಚೌಕಾಸಿ ಮಾಡಿದೆ. ಕೆಲಸ ಬಿಡುತ್ತೇನೆ, ಧರ್ಮಪುರದ ಕಡೆ ಹಳ್ಳಿಹಳ್ಳಿ ತಿರುಗಿ ನಿನ್ನ ಸೇವೆ ಮಾಡುತ್ತೇನೆ, ಇವಳನ್ನು ಮಾತ್ರ ಬಿಡು ಎಂದೆ. ದೊಡ್ಡದೊಂದು ಕೊಟ್ಟರೆ ಒಪ್ಪಿಯಾನು ಎಂಬ ನಂಬಿಕೆ. ಆಗ ನೆನಪಾಯಿತು: ಶುಕ್ರವಾರ. ಮಾತ್ರೆಯ ದಿನ. ನನ್ನಿಂದ ಅಲ್ಲಿಯವರೆಗೆ ಕೇಳಿದ್ದು ಒಂದು ತುತ್ತು ಊಟ, ಏಳು ಮಾತ್ರೆ, ಬಾಯಿಗೊಂದು ಬಟ್ಟೆ, ಮತ್ತು, ಕಾರ್ಡು ನೋಡಿದ ಮೇಲೆ ಈಗ ಸೇರಿಸುತ್ತೇನೆ, ಒಂದು ‘ಹೌದು’. ಅದರಲ್ಲಿ ಒಂದನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಬೇಡದೇ ಇದ್ದದ್ದನ್ನು ಕೊಡಲು ಹೊರಟಿದ್ದೆ.

ಎರಡು ಇಡ್ಲಿ ತಿಂದು ಅಂಗನವಾಡಿಗೆ ಹೋದೆ.

ರತ್ನಮ್ಮ ಪೆಟ್ಟಿಗೆ ತೆಗೆಯುವ ಮುಂಚೆಯೇ ಕೇಳಿದೆ. ‘ಬೀಗದ ಕೈ ಕಿತ್ತುಕೊಂಡ ಸಿಟ್ಟಿಗೆ ತಾನೇ ನೀನು ಆಸ್ಪತ್ರೆಗೆ ಹೇಳಿದ್ದು?’

ಇಲ್ಲ ಎನ್ನುತ್ತಾಳೆ, ಆ ‘ಇಲ್ಲ’ವನ್ನು ನಂಬಬಾರದು ಎಂದು ಸಿದ್ಧನಾಗಿಯೇ ಹೋಗಿದ್ದೆ.

‘ಸಿಟ್ಟಿತ್ತು ಮೇಷ್ಟ್ರೇ’ ಎಂದಳು. ‘ಸುಳ್ಳ್ಯಾಕೆ ಹೇಳ್ಲಿ, ಹೊಟ್ಟೆ ತುಂಬಾ ಇತ್ತು. ಈಗ್ಲೂ ಐತೆ. ನೀವು ಬಾಯಿ ತೆಗ್ದಾಗೆಲ್ಲ ಒಳಗೊಳಗೇ ಖುಷಿ ಆಗದು.’

‘ಮತ್ತೆ?’

‘ಮತ್ತೇನು ಮತ್ತೆ? ಸಿಟ್ಟಿದ್ರೆ ಕಸ ಗುಡ್ಸಲ್ವಾ? ಗಂಟೆ ಹೊಡಿಯಲ್ವಾ? ಆರು ವರ್ಷದೊಳ್ಗಿನ ಕೂಸಿದ್ರೆ ತಿಳಿಸು ಅಂತ ಹೇಳ್ಕೊಟ್ಟಿದ್ರು, ತಿಳಿಸ್ದೆ. ನನ್ ಮನಸ್ಸು ಚೊಕ್ಕ ಆದ್ಮೇಲೆ ಹೇಳಾಣ ಅಂತ ಕಾಯ್ಕಂಡು ಕುಂತಿದ್ರೆ ನಿಮ್ ಕೂಸು ಬೆಳ್ದು ಮದುವೆ ಆಗೋಗಿರೋಳು.’ ನೀರಿನ ಲೋಟ ಮುಂದಿಟ್ಟಳು. ‘ತಿಂದ್ರಾ?’

‘ಎರಡು ಇಡ್ಲಿ.’

‘ದಿಟವಾಗ್ಲೂ?’

‘ದಿಟ. ಹಿಂದೆ ತಿನ್ನದೇ ತಿಂದೆ ಅಂದಿದ್ದೆ. ವಾಂತಿಯೂ ಆಗಿತ್ತು.’

‘ಎಷ್ಟು ಸಲ?’

‘ಮೂರೋ ನಾಲ್ಕೋ.’

‘ದಿನಚರಿ ಬರಿಯೋರು, ಅದನ್ನ ಬರ್ಕಳ್ಳಿಲ್ವಾ?’ ಎಂದು ಬಯ್ಯುತ್ತಲೇ ಕಾರ್ಡು ತೆಗೆದಳು.

ಮರುದಿನ ಮಧ್ಯಾಹ್ನ ಮಗುವಿನ ತೋಳು ನೋಡಿದ ವೈದ್ಯೆ, ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವಳಿಗೆ ಕಾಯಿಲೆ ಬಂದಿಲ್ಲ, ಕೆಮ್ಮು ಬರೀ ನೆಗಡಿಯದು ಎಂದರು. ಆದರೆ ಮುಂದೆ ಬಾರದ ಹಾಗೆ ಆರು ತಿಂಗಳು ದಿನಾ ಮಾತ್ರೆ. ಸುಗುಣ ಅಲ್ಲೇ ಗೋಡೆಗೆ ಒರಗಿ ಅತ್ತಳು. ನಾನು ಬಟ್ಟಲಿನಿಂದ ಕುಡಿಯದೆ ಇದ್ದದ್ದನ್ನು, ಅದಾದರೂ ಲೆಕ್ಕಕ್ಕೆ ಬರಲಿ ಎಂದು, ವೈದ್ಯೆಗೆ ಹೇಳಿದೆ.

‘ಬಟ್ಟಲಿಂದ ಇದು ಹರಡಲ್ಲ ಸರ್. ಕೆಮ್ಮಿದಾಗ, ಜೋರಾಗಿ ಹಾಡಿದಾಗ ಗಾಳೀಲಿ ಹರಡುತ್ತೆ. ಹಾಡ್ತೀರಾ?’

ಮುಂದಿನ ಸಾಲಿನಲ್ಲಿ ನಿಂತು, ಒಂದು ಭಾನುವಾರವೂ ಬಿಡದೆ ಹಾಡಿದ್ದೆ. ಸಭೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಆಗಲಿಲ್ಲ ಎಂದು ನನಗೆ ಗೊತ್ತಿರುವಷ್ಟು ಮಟ್ಟಿಗೆ.

ವಾಂತಿಯ ವಿಷಯ ತಿಳಿದು ಮತ್ತೆ ಕಫ ಪರೀಕ್ಷೆ ಮಾಡಿಸಿದರು. ಚಿಕಿತ್ಸೆ ಒಂದು ತಿಂಗಳು ಉದ್ದವಾಯಿತು. ವಾಸಿಯಾದೆ. ಈಗ ಮಾತ್ರೆ ನುಂಗುತ್ತಿರುವವರು ಯಾರಾದರೂ ಓದುತ್ತಿದ್ದರೆ ಇಷ್ಟು ಹೇಳುತ್ತೇನೆ: ನಿಮ್ಮ ಲೋಟದ ತಳ ನೋಡುವ ಮುಂಚೆ ಉಳಿದವರ ಲೋಟಗಳ ತಳವನ್ನೂ ನೋಡಿ. ತಿಂದು ನುಂಗಿ. ಕೇಳಿದ್ದಕ್ಕೆ ನಿಜ ಹೇಳಿ.

ಅಯ್ಯನವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಸಭೆಯ ಮುಂದೆ ನಿಂತು ಹೇಳಲಿಲ್ಲ. ಅದಕ್ಕೂ ಜನ ಕೈ ಕುಲುಕಲು ಬರುತ್ತಾರೆ ಎಂದು ಹೆದರಿದೆ, ಅಥವಾ ಅದು ನೆಪ. ಅವರು ಕನ್ನಡಕ ಒರೆಸಿಕೊಂಡು, ‘ಮಾಡಿದ ಪ್ರಸಂಗ ವಾಪಸು ತಗೊಳ್ಳೋಕಾಗಲ್ಲಪ್ಪ’ ಎಂದರು. ಬೀಗದ ಕೈ ಮಾತ್ರ ವಾಪಸಾಯಿತು. ಕೊಡಲು ಹೋದ ನನಗೆ ರತ್ನಮ್ಮ ಹೇಳಿದ್ದು: ‘ಅಯ್ಯೋ, ಒಂದು ವರ್ಷ ನೆಮ್ಮದಿಯಾಗಿ ಮಲಗ್ತಿದ್ದೆ.’

ಆರು ತಿಂಗಳು ಪ್ರೀತಿ ದಿನಾ ಅಂಗನವಾಡಿಗೆ ಹೋಗಿ ಮಾತ್ರೆ ನುಂಗಿ, ಹೇಳದೆಯೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದಳು. ಅವಳಿಗೆ ಅದೊಂದು ಆಟ.

ನಾಲ್ಕು ವರ್ಷದ ಹಿಂದೆ ರತ್ನಮ್ಮ ತೀರಿಕೊಂಡಳು. ಮಣ್ಣು ಮುಗಿದ ಕೆಲವು ದಿನಕ್ಕೆ ಆಕೆಯ ಸೊಸೆ, ಟ್ರಂಕಿನಲ್ಲಿ ನಿಮ್ಮ ಹೆಸರಿನದು ಸಿಕ್ಕಿತು ಎಂದು ಈ ಕಾರ್ಡು ತಂದುಕೊಟ್ಟಳು. ಆಸ್ಪತ್ರೆಯ ಕಾರ್ಡಿನ ನಕಲು, ಆಕೆಯ ಬಳಿ ಇರುತ್ತಿದ್ದದ್ದು. ನಾನು ಅಷ್ಟು ಹೆದರಿದ್ದ ಕಾರ್ಡಿನಲ್ಲಿ ಸಾಲುಸಾಲು ಗುರುತುಗಳು ಬಿಟ್ಟರೆ ಹೆಚ್ಚೇನಿಲ್ಲ. ಆಮೇಲೆ ಆ ‘ಇಲ್ಲ’ ಕಣ್ಣಿಗೆ ಬಿತ್ತು. ಸುಗುಣಳಿಗೆ ತೋರಿಸಿದೆ. ಸುಳ್ಳು ಹೇಳಿದ್ದೆ ಎಂದೆ.

‘ಗೊತ್ತಿತ್ತು’ ಎಂದಳು, ಅವರೆಕಾಯಿ ಸುಲಿಯುತ್ತಾ. ‘ನೀವು ಆ ದಿನಚರಿ ತೋರ್ಸಿದಾಗ್ಲೇ ಗೊತ್ತಾತು. ಕೇಳದೇ ಇದ್ದಿದ್ದನ್ನ ಯಾರಾದ್ರೂ ಕೇಳ್ಲಿಲ್ಲ ಅಂತ ಬರ್ಕಂತಾರೇನ್ರಿ?’

ದಿನಚರಿಯ ಆ ಸಾಲನ್ನು ಹೊಡೆದು ಹಾಕಿಲ್ಲ. ಅದೇ ಪುಟದಲ್ಲಿ ಕಾರ್ಡನ್ನು ಇಟ್ಟಿದ್ದೇನೆ. ಪ್ರೀತಿಗೆ ಹೋದ ವರ್ಷ ಮದುವೆಯಾಯಿತು. ನನ್ನ ಮನಸ್ಸು ಚೊಕ್ಕವಾಗಿದೆಯೇ ಎಂದು ಇನ್ನೂ ಖಾತ್ರಿಯಿಲ್ಲ. ಕಾರ್ಡಿನಲ್ಲಿ ನನ್ನ ‘ಇಲ್ಲ’ದ ಮೇಲೆ ಪೆನ್ಸಿಲಿನ ಗೀಟೊಂದಿದೆ. ಅದರ ಪಕ್ಕ, ಗುಂಡಗಿನ, ಒತ್ತಿ ಒತ್ತಿ ಬರೆದ ಅಕ್ಷರಗಳಲ್ಲಿ, ರತ್ನಮ್ಮ ಸಿಟ್ಟಿನಲ್ಲೇ ಬರೆದಿರಬೇಕು:

‘ಐತೆ. ಒಂದು. ಹೆಣ್ಣು.’